ಮೂರನೆಯ ಬೆಲ್ಟು

"ಹೇಳಿದ್ದನ್ನು ಕೇಳದವನಿಗೆ ಎಷ್ಟು ಸಲ ಹೇಳಬೇಕು, ಗುರುಗಳೇ?" ಎಂದು ನಿಜಗುಣ ಕೇಳಿದ.

ಅವನ ತಮ್ಮ ಕುಡಿತಕ್ಕೆ ಬಿದ್ದು ನಾಲ್ಕು ವರ್ಷವಾಗಿತ್ತು. ನಿಜಗುಣ ಬುದ್ಧಿ ಹೇಳಿದ್ದ, ಬೇಡಿಕೊಂಡಿದ್ದ, ಬೈದೂ ನೋಡಿದ್ದ. ಈಚೆಗೆ ಆರು ತಿಂಗಳಿಂದ ಆ ಮಾತನ್ನೇ ಎತ್ತಿರಲಿಲ್ಲ. ಮೌನವೇ ಲೇಸೆಂದು ತೋರುತ್ತಿದೆ ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

ಗುರುಗಳು ಈ ಕತೆ ಹೇಳಿದರು.

ಘಟ್ಟದ ಬುಡದ ಊರಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಒಬ್ಬ ಬಟ್ಟೆ ವ್ಯಾಪಾರಿ ಅವನ ಹಳೆಯ ಗಿರಾಕಿ. ವ್ಯಾಪಾರಿಯ ಬೈಕಿನಲ್ಲಿ ಹಿಂದಿನ ಚಕ್ರವನ್ನು ತಿರುಗಿಸಲು ಚೈನಿನ ಬದಲು ಬೆಲ್ಟು ಇತ್ತು. ಘಟ್ಟದ ಮೇಲಿನ ಸಂತೆಗಳಿಗೆ ಬಟ್ಟೆ ಒಯ್ಯಲೆಂದು ಅವನು ಬೈಕಿನ ಎರಡು ಬದಿಗೂ ಪೆಟ್ಟಿಗೆ ಹಾಕಿಸಿದ್ದ. ಪೆಟ್ಟಿಗೆಯಾಗಲಿ, ಅದನ್ನು ಹಿಡಿದ ಕಬ್ಬಿಣದ ಚೌಕಟ್ಟಾಗಲಿ ಆ ಬೈಕಿಗೆಂದು ಮಾಡಿದ್ದಲ್ಲ. ಯಾವುದೋ ಅಂಗಡಿಯಲ್ಲಿ ಹೊಂದಿಸಿ ಕೂರಿಸಿದ್ದು.

ಮೊದಲ ಸಲ ಬೆಲ್ಟಿನ ಅಂಚು ಹರಿದು ಬಂದಿತು. ಚೈನಿನಂತೆ ಬಿಚ್ಚಿ ಜೋಡಿಸಲು ಬೆಲ್ಟಿಗೆ ಕೊಂಡಿಯಿಲ್ಲ. ಪೆಟ್ಟಿಗೆ, ಚೌಕಟ್ಟು, ಸೈಲೆನ್ಸರ್, ಚಕ್ರ ಎಲ್ಲವನ್ನೂ ಇಳಿಸಬೇಕು. ಮೆಕ್ಯಾನಿಕ್‌ಗೆ ಇಡೀ ದಿನ ಹಿಡಿಯಿತು. ಭಾರ ಬಿದ್ದಾಗ ಚೌಕಟ್ಟು ಕುಗ್ಗಿ, ಅದರ ಬೋಲ್ಟಿನ ತುದಿ ಬೆಲ್ಟಿಗೆ ಉಜ್ಜುತ್ತದೆ ಎಂಬುದನ್ನು ಅವನು ಕಂಡುಕೊಂಡ. ಚೌಕಟ್ಟನ್ನು ತೆಗೆಸಿಬಿಡಿ ಎಂದು ವ್ಯಾಪಾರಿಗೆ ಹೇಳಿದ. ಅದಿಲ್ಲದೆ ತನ್ನ ವ್ಯಾಪಾರ ನಡೆಯದು ಎಂದ ವ್ಯಾಪಾರಿ. ಮೆಕ್ಯಾನಿಕ್ ಹೊಸ ಬೆಲ್ಟು ಹಾಕಿ ಎಲ್ಲವನ್ನೂ ಮತ್ತೆ ಕೂರಿಸಿಕೊಟ್ಟ.

ವರ್ಷ ತುಂಬುವ ಮೊದಲೇ ವ್ಯಾಪಾರಿ ಮತ್ತೆ ಬಂದ. ಅದೇ ಅಂಚು, ಅದೇ ಗಾಯ. ಈ ಸಲ ಮೆಕ್ಯಾನಿಕ್ ಅವನನ್ನು ಕರೆದು, ನೆಲದ ಮೇಲೆ ಕೂರಿಸಿ, ಉಜ್ಜಿದ ಜಾಗವನ್ನು ಬೆರಳಿಟ್ಟು ತೋರಿಸಿದ. ಏರಿನಲ್ಲಿ ಬೆಲ್ಟು ತುಂಡಾದರೆ ನಿಮ್ಮನ್ನು ಯಾರು ಹಿಡಿಯುತ್ತಾರೆ ಎಂದು ಗದರಿದ. ವ್ಯಾಪಾರಿ ನಕ್ಕು, ಎರಡನೆಯ ಬೆಲ್ಟು ಹಾಕಿಸಿಕೊಂಡು ಹೊರಟುಹೋದ. ಚೌಕಟ್ಟು ಇದ್ದಲ್ಲಿಯೇ ಇತ್ತು.

ಮೂರನೆಯ ಸಲ ವ್ಯಾಪಾರಿ ಬಂದಾಗ ಮೆಕ್ಯಾನಿಕ್‌ಗೆ ನಡುನೋವು. ಬೆಲ್ಟಿನ ಕಡೆ ನೋಡಿದ, ನೋಡಬೇಕಾಗಿಯೂ ಇರಲಿಲ್ಲ. ಚೌಕಟ್ಟು ಈಗ ಇನ್ನಷ್ಟು ಬಾಗಿ, ಬೋಲ್ಟು ಬೆಲ್ಟಿಗೆ ಮತ್ತೂ ಹತ್ತಿರ ಬಂದಿತ್ತು. ಎಲ್ಲವನ್ನೂ ಇಳಿಸಿದ, ಹೊಸ ಬೆಲ್ಟು ಹಾಕಿದ, ಎಲ್ಲವನ್ನೂ ಏರಿಸಿದ. ಕಲ್ಲಿಗೆ ಹೇಳಿದರೂ ಇಷ್ಟೇ, ಇವನಿಗೆ ಹೇಳಿದರೂ ಇಷ್ಟೇ ಎಂದು ಅವನ ಮನಸ್ಸು ಅನ್ನುತ್ತಿತ್ತು. ಸಂಜೆ ವ್ಯಾಪಾರಿ ಬಂದು ಬೈಕು ಹತ್ತಿದ. ಗಾಡಿ ಶುರು ಮಾಡಿದ ಮೇಲೂ ತುಸು ಹೊತ್ತು ನಿಂತ. ಮೆಕ್ಯಾನಿಕ್ ತಲೆ ತಗ್ಗಿಸಿ ಕೈಯ ಗ್ರೀಸು ಒರೆಸಿಕೊಳ್ಳುತ್ತಿದ್ದ. ವ್ಯಾಪಾರಿ ಹೊರಟ.

ಒಂದು ವಾರಕ್ಕೆ ಸುದ್ದಿ ಬಂತು. ಘಟ್ಟದ ಕಡಿದಾದ ತಿರುವಿನಲ್ಲಿ ಬೆಲ್ಟು ತುಂಡಾಗಿ, ಬೈಕು ಹಿಂದಕ್ಕೆ ಜಾರಿ ಮಗುಚಿತ್ತು. ವ್ಯಾಪಾರಿಯ ಕಾಲು ಅದರಡಿಗೆ ಸಿಕ್ಕಿತ್ತು. ಮೆಕ್ಯಾನಿಕ್ ಆಸ್ಪತ್ರೆಗೆ ಹೋದ. ವ್ಯಾಪಾರಿಯ ಒಂದು ಮೊಣಕಾಲಿನ ಕೆಳಗೆ ಹೊದಿಕೆ ಚಪ್ಪಟೆಯಾಗಿ ಬಿದ್ದಿತ್ತು. ಮೆಕ್ಯಾನಿಕ್ ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತ.

ವ್ಯಾಪಾರಿ ಅವನನ್ನು ದೂರಲಿಲ್ಲ. ಮೆಲ್ಲಗೆ ಹೇಳಿದ: "ನೀವು ಬೈದ ಮೇಲೆ ಏರು ಹತ್ತುವಾಗ ಒಂದೇ ಪೆಟ್ಟಿಗೆ ತುಂಬುತ್ತಿದ್ದೆ. ಈ ಸಲ ನೀವು ಏನೂ ಹೇಳಲಿಲ್ಲ. ಸರಿಮಾಡಿ ಕೊಟ್ಟಿದ್ದೀರಿ ಅಂದುಕೊಂಡು ಎರಡನ್ನೂ ತುಂಬಿಬಿಟ್ಟೆ."

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ನಿಜಗುಣನಿಗೆ ಒಪ್ಪಿಗೆಯಾಗಲಿಲ್ಲ. "ಮೆಕ್ಯಾನಿಕ್ ಎರಡು ಸಲ ಹೇಳಿದ್ದನಲ್ಲ, ಗುರುಗಳೇ. ಕೇಳದೆ ಹೋದವನು ವ್ಯಾಪಾರಿ" ಎಂದ.

"ಕೇಳದವನಿಗೆ, ಈ ಸಲ ಏನೂ ಹೇಳಲಿಲ್ಲವೆಂದು ತಿಳಿದದ್ದು ಹೇಗೆ?" ಎಂದರು ಗುರುಗಳು.