ಕಮ್ಮಾರನ ಹೆಂಡತಿ ಕೇಳಿದ ಕತೆ

"ಗುರುಗಳೇ, ಹೆತ್ತ ತಾಯಿ ತೀರಿಕೊಂಡಾಗ ಮನಸ್ಸು ಹಗುರಾದರೆ ಅದು ಪಾಪವೇ?"

ಕೇಳಿದವನು ಮಲ್ಲಿನಾಥ. ಅವನ ತಾಯಿ ಆರು ವರ್ಷ ಹಾಸಿಗೆ ಹಿಡಿದಿದ್ದರು. ಅವರನ್ನು ಎತ್ತಿ, ತೊಳೆದು, ಉಣಿಸಿದವನು ಇವನೇ. ಕ್ರಿಯೆಗಳನ್ನು ಮುಗಿಸಿ ಮಠಕ್ಕೆ ಬಂದು ಮೂರು ದಿನವಾಗಿತ್ತು. ಮೂರು ದಿನವೂ ಅವನು ಯಾರ ಮುಖವನ್ನೂ ನೇರವಾಗಿ ನೋಡಿರಲಿಲ್ಲ.

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಹೊಳೆದಂಡೆಯ ಊರೊಂದರಲ್ಲಿ ಒಬ್ಬ ಕಮ್ಮಾರನಿದ್ದ. ಅವನು ಬಡಿದ ಕುಡುಗೋಲು ಹತ್ತು ಸುಗ್ಗಿ ಬಾಳುತ್ತಿತ್ತು. ಕೆಲಸದಲ್ಲಿ ಯಾರೂ ತಪ್ಪು ಹುಡುಕುವಂತಿರಲಿಲ್ಲ. ಆದರೆ ಅವನ ಕಾಲು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಒಪ್ಪಿಕೊಂಡ ಕೆಲಸ ಮುಗಿಯಿತೋ, ಕುಲುಮೆಯ ಬೆಂಕಿ ಆರಿಸಿ, ಬುತ್ತಿ ಕಟ್ಟಿಕೊಂಡು ಹೊರಟುಬಿಡುತ್ತಿದ್ದ. ತುಂಬಿದ ಹೊಳೆಯನ್ನು ಈಜಿ ದಾಟುತ್ತಿದ್ದ. ಯಾರೂ ಹತ್ತದ ಬಂಡೆಯನ್ನು ಹತ್ತುತ್ತಿದ್ದ. ಹೊಳೆ ಹುಟ್ಟುವ ಜಾಗವನ್ನು ಕಣ್ಣಾರೆ ನೋಡಬೇಕೆಂದು ಒಮ್ಮೆ ದಂಡೆ ಹಿಡಿದು ಇಪ್ಪತ್ತೇಳು ದಿನ ನಡೆದ.

ಹಾಗೆ ಹೋದಾಗಲೆಲ್ಲ ಅವನ ಹೆಂಡತಿ ಬಾಗಿಲಲ್ಲೇ ಕೂರುತ್ತಿದ್ದಳು. ಕೈಗೆ ಕೆಲಸ ಹತ್ತುತ್ತಿರಲಿಲ್ಲ, ಬಾಯಿಗೆ ಅನ್ನ ರುಚಿಸುತ್ತಿರಲಿಲ್ಲ. ಒಂದು ವರ್ಷ, ಹೊಳೆ ಅವನನ್ನು ಕೊಚ್ಚಿಕೊಂಡು ಹೋಯಿತೆಂದು ಜನ ಬಂದು ಹೇಳಿದರು. ಎರಡು ದಿನ ಅತ್ತಳು. ಮೂರನೆಯ ದಿನ ಅವನು ಯಾರದೋ ಪಂಚೆ ಉಟ್ಟುಕೊಂಡು, ಹೊಳೆಯ ಕೆಳಗಿನ ಊರಿನಿಂದ ನಗುತ್ತ ನಡೆದು ಬಂದ. ಅವಳು ಎಂಟು ದಿನ ಮಾತು ಬಿಟ್ಟಳು. ಒಂಬತ್ತನೆಯ ದಿನ ಕೇಳಿದಳು.

"ಈ ಮನೆಯಲ್ಲಿ ನಿಮಗೆ ಏನು ಕಡಿಮೆಯಾಗಿದೆ?"

"ಏನೂ ಕಡಿಮೆಯಾಗಿಲ್ಲ. ಅದಕ್ಕೇ ತಿರುಗಿ ಬರುತ್ತೇನೆ."

ಕಂಡದ್ದನ್ನು ಬಂದು ಹೇಳುವ ಆಸೆಯೂ ಅವನಿಗೆ ಇತ್ತು. ಊಟಕ್ಕೆ ಕೂತೊಡನೆ ಶುರುಮಾಡುತ್ತಿದ್ದ. ಕಾಲು ಜಾರಿತು ಎಂಬ ಮಾತು ಬಂದರೆ ಸಾಕು, ಅವಳು ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ಉಳಿದ ಕತೆಯನ್ನು ಅವನು ಅನ್ನದ ಜೊತೆಗೆ ನುಂಗಿಕೊಳ್ಳುತ್ತಿದ್ದ. ನಲವತ್ತೆಂಟು ವರ್ಷದ ಸಂಸಾರದಲ್ಲಿ ಗಂಡನ ಒಂದು ಕತೆಯನ್ನೂ ಅವಳು ಕೊನೆಯವರೆಗೆ ಕೇಳಲಿಲ್ಲ.

ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಅವನಿಗೆ ಜ್ವರ ಬಂತು. ನಾಲ್ಕು ದಿನ ಮಲಗಿದ. ಐದನೆಯ ದಿನ ಬೆಳಗ್ಗೆ ಎರಡು ಗುಟುಕು ಗಂಜಿ ಕುಡಿದು, ಹೆಂಡತಿಯ ಕೈ ಹಿಡಿದುಕೊಂಡು, ತನ್ನ ಮಂಚದ ಮೇಲೆಯೇ ಪ್ರಾಣ ಬಿಟ್ಟ.

ಅವಳ ಬಾಯಿಂದ ಮೊದಲು ಬಂದದ್ದು ಅಳುವಲ್ಲ, ಒಂದು ದೊಡ್ಡ ಉಸಿರು. ಸದ್ಯ, ಹೊಳೆಗೆ ಸಿಗಲಿಲ್ಲ. ಬಂಡೆಯಿಂದ ಬೀಳಲಿಲ್ಲ. ಮನೆಯಲ್ಲೇ ಹೋದರು. ಮನಸ್ಸು ಹಾಗೆ ಹೇಳಿತು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮರುಗಳಿಗೆಗೆ ಅವಳಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತು. ಗಂಡ ಸತ್ತ ಗಳಿಗೆಯಲ್ಲಿ ಸದ್ಯ ಎಂದುಕೊಂಡ ಹೆಂಗಸು ಲೋಕದಲ್ಲಿ ತಾನೊಬ್ಬಳೇ ಇರಬೇಕು ಎನಿಸಿತು. ಕಣ್ಣಲ್ಲಿ ಒಂದು ಹನಿ ನೀರಿಲ್ಲ ಎಂದು ನೆರೆಯವರು ಆಡಿಕೊಂಡದ್ದು ಕಿವಿಗೆ ಬಿತ್ತು. ಅಳಲು ನೋಡಿದಳು. ಬರಲಿಲ್ಲ.

ಹನ್ನೊಂದನೆಯ ದಿನ ಊಟ ಮುಗಿಸಿ ಜನ ಜಗುಲಿಯಲ್ಲಿ ಕೂತರು. ಮಾತು ಸತ್ತವನ ಕಡೆಗೆ ತಿರುಗಿತು. ಅವಳು ಬಾಗಿಲ ಮರೆಯಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಬೆಟ್ಟದಾಚೆಯಿಂದ ಬಂದ ಕುರಿಗಾಹಿಯೊಬ್ಬ ಹೇಳತೊಡಗಿದ.

"ನನ್ನ ಕುರಿಮರಿ ಬಂಡೆಯ ಬಿರುಕಿಗೆ ಬಿದ್ದಿತ್ತು. ಅಣ್ಣ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದ. ಮರಿಯನ್ನು ಅಂಗಿಯೊಳಗೆ ಹಾಕಿಕೊಂಡ. ಮೇಲೆ ಬರುವಾಗ ಹಗ್ಗ ಕಲ್ಲಿಗೆ ಉಜ್ಜಿ ಕಡಿದುಹೋಯಿತು."

ಇಲ್ಲಿಯವರೆಗಿನ ಕತೆ ಅವಳಿಗೆ ಗೊತ್ತಿತ್ತು. ಹಗ್ಗ ಕಡಿದುಹೋಯಿತು ಎಂದಾಗಲೇ ಅವಳು ಅಂದು ಎದ್ದು ಹೋದದ್ದು. ಈಗ ಏಳಲಿಲ್ಲ. ಎಷ್ಟು ಹಗ್ಗ ಕಡಿದರೂ ಇನ್ನು ಅವನು ಬೀಳುವಂತಿರಲಿಲ್ಲ.

"ಆಮೇಲೆ?" ಎಂದಳು. ಜಗುಲಿಯೆಲ್ಲ ಅವಳ ಕಡೆಗೆ ತಿರುಗಿತು.

"ಆಮೇಲೇನವ್ವ, ಕೆಳಗೆ ಮೊಳ ಅಗಲದ ಕಲ್ಲಿತ್ತು, ಅದರ ಮೇಲೆ ಹೋಗಿ ನಿಂತ. ಮೇಲೆ ನಾವು ಇನ್ನೊಂದು ಹಗ್ಗಕ್ಕೆ ಹುಡುಕಾಡುತ್ತಿದ್ದೆವು. ಅವನು ಅಲ್ಲಿಂದ ಕೂಗಿದ, 'ಬೇಗ ಏನಾದರೂ ಮಾಡ್ರಯ್ಯಾ, ನಿಮ್ಮ ಮರಿ ನನ್ನ ಅಂಗಿಯೊಳಗೇ ಉಚ್ಚೆ ಹೊಯ್ಯುತ್ತಿದೆ!'"

ಅವಳಿಗೆ ನಗು ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಿಲ್ಲಲಿಲ್ಲ. ಅವಳು ನಕ್ಕದ್ದು ಕಂಡು ಜಗುಲಿಯೂ ನಕ್ಕಿತು. ಆ ದಿನ ಅವನು ನಾರುವ ಅಂಗಿಯನ್ನು ಒಗೆಯಲು ಹಾಕಿದ್ದು, ತಾನು ಕಾರಣ ಕೇಳದೆ ಬೈದದ್ದು, ಎಲ್ಲ ನೆನಪಾಯಿತು.

ಕಂಬಳಿಗಳನ್ನು ಗಂಟುಹಾಕಿ ಇಳಿಬಿಟ್ಟು ಅವನನ್ನು ಎಳೆದುಕೊಂಡೆವು ಎಂದು ಕುರಿಗಾಹಿ ಮುಗಿಸಿದ. "ಮೇಲೆ ಬಂದವನು ಮೈ ಕೂಡ ಒರೆಸಿಕೊಳ್ಳಲಿಲ್ಲವ್ವ. ಹೊಳೆ ನೋಡುತ್ತ ಕೂತ. ನಮ್ಮ ಮನೆಯವಳಿಗೆ ಇದನ್ನೊಮ್ಮೆ ತೋರಿಸಬೇಕು ಅಂದ."

ಸಂಜೆಯ ತನಕ ಒಬ್ಬರಾದ ಮೇಲೆ ಒಬ್ಬರು ಹೇಳಿದರು. ಹೊಳೆಯಲ್ಲಿ ಕೊಚ್ಚಿಹೋದವನನ್ನು ಎಳೆದುಕೊಂಡು ಪಂಚೆ ಕೊಟ್ಟ ಅಂಬಿಗನೂ ಬಂದಿದ್ದ. ಅವಳು ಒಂದನ್ನೂ ಬಿಡದೆ ಕೇಳಿದಳು. ಯಾರಾದರೂ ನಿಲ್ಲಿಸಿದರೆ, ಆಮೇಲೆ ಎಂದಳು.

ತಿಂಗಳು ಕಳೆದ ಮೇಲೆ ಅವಳು ಕುರಿಗಾಹಿಯನ್ನು ಕರೆಸಿ, "ಆ ಬಂಡೆಯ ಮೇಲಕ್ಕೆ ನನ್ನನ್ನು ಕರೆದುಕೊಂಡು ಹೋಗಪ್ಪ" ಎಂದಳು. ಹಿಂಬದಿಯಿಂದ ಕುರಿಗಳು ಹತ್ತುವ ಸುಲಭದ ದಾರಿಯಿತ್ತು. ಮೂರು ಕಡೆ ಕೂತು ಸುಧಾರಿಸಿಕೊಂಡು ಹತ್ತಿದಳು. ಕೆಳಗೆ ಹೊಳೆ ಬಿಸಿಲಲ್ಲಿ ಸುತ್ತಿ ಸುತ್ತಿ ಹರಿಯುತ್ತಿತ್ತು. ನಲವತ್ತೆಂಟು ವರ್ಷ ತಾನು ಶಪಿಸಿದ ಹೊಳೆ ಇಷ್ಟು ಚೆಂದವಿದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಅಲ್ಲಿ ಕೂತು ಅವಳು ಮನಸಾರೆ ಅತ್ತಳು. ಆ ಅಳುವಿನಲ್ಲಿ ಹೆದರಿಕೆ ಇರಲಿಲ್ಲ, ಗಂಡ ಮಾತ್ರ ಇದ್ದ. ಅತ್ತು ಮುಗಿಸಿ, ತಂದಿದ್ದ ರೊಟ್ಟಿಯನ್ನು ಕುರಿಗಾಹಿಯೊಡನೆ ಹಂಚಿಕೊಂಡು ತಿಂದು, ಇಳಿದು ಬಂದಳು.

ಗುರುಗಳು ಕತೆ ನಿಲ್ಲಿಸಿದರು. ಮಲ್ಲಿನಾಥ, "ಹಾಗಾದರೆ ಅವಳ ಮನಸ್ಸು ಹಗುರಾದದ್ದು ತಪ್ಪಲ್ಲ ಎನ್ನುತ್ತೀರಾ?" ಎಂದು ಕೇಳಿದ.

ಗುರುಗಳು ಹೇಳಿದರು: "ಕಾಯಿಲೆ ಬೀಳುವ ಮೊದಲು ನಿನ್ನ ತಾಯಿ ಹೇಗೆ ನಗುತ್ತಿದ್ದರು, ಹೇಳು."