ಅಧ್ಯಕ್ಷರ ಕಾರಿಗೆ ಬಿದ್ದ ದೃಷ್ಟಿ

ರೇಷ್ಮೆ ಸೊಸೈಟಿಗೆ ಅಧ್ಯಕ್ಷ ಸಿದ್ದಮಲ್ಲಪ್ಪನವರು ಹೊಸ ಕಾರು ತಂದರು. ತಂದವರು ಓಡಿಸಲಿಲ್ಲ. ಆಫೀಸಿನ ಮುಂದೆ ನಿಲ್ಲಿಸಿ ದಿನಾ ಎರಡು ಹೊತ್ತು ತೊಳೆಸಿದರು. ಚಕ್ರದೊಳಗಿನ ಬ್ರೇಕ್ ಡಿಸ್ಕಿಗೆ ತುಕ್ಕು ಹಿಡಿಯಿತು.

"ಇದೇನೋ ಕೆಂಪಗೆ? ಕೊಬ್ಬರಿ ಎಣ್ಣೆ ಹಚ್ಚು. ಕನ್ನಡಿ ಥರ ಹೊಳೀಬೇಕು. ಇಲ್ಲಾಂದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ" ಎಂದು ಡ್ರೈವರ್ ಮೇಲೆ ಎಗರಾಡಿದರು.

"ಎಣ್ಣೆ ಹಚ್ಚಿದ್ರೆ ಬ್ರೇಕೇ ಹಿಡಿಯಲ್ಲ ಬುದ್ಧಿ. ದಿನಾ ಒಂದಿಷ್ಟು ಓಡಿಸಿ ಬ್ರೇಕ್ ಹಾಕಿದ್ರೆ ತುಕ್ಕು ತಾನೇ ಉಜ್ಜಿ ಹೋಗುತ್ತೆ."

"ಅಧ್ಯಕ್ಷರ ಕಾರು ಕಣೋ ಇದು! ಓಡಾಡೋಕೆ ಬಸ್ಸಿಲ್ವಾ?"

ಕಾರಿನ ಮುಂದೆ ತೂಗುತ್ತಿದ್ದ ನಿಂಬೆಹಣ್ಣು ನೋಡಿ ಡ್ರೈವರ್ ದನಿ ತಗ್ಗಿಸಿದ.

"ಹಂಗಾದ್ರೆ ಇದು ದೃಷ್ಟೀನೇ ಬುದ್ಧಿ. ನಿಂತ ಕಾರಿನ ಮೇಲೆ ಊರ ಕಣ್ಣೆಲ್ಲ ಬಿದ್ದಿದೆ. ದಿನಾ ಬೆಳಿಗ್ಗೆ ಗುಡ್ಡದ ಮಾರಮ್ಮನ ಹತ್ರ ಹೋಗಿ, ಇಳಿಯುವಾಗ ತಿರುವು ತಿರುವಿಗೂ ತಾಯಿ ಹೆಸರು ಹೇಳಿ ಬ್ರೇಕ್ ಒತ್ತಬೇಕು. ಜೊತೇಲಿ ಹೆಣ್ಮಕ್ಕಳನ್ನ ಕೂರಿಸ್ಕೊಂಡ್ರೆ ತಾಯಿ ಬೇಗ ಒಲೀತಾಳೆ."

ಅಧ್ಯಕ್ಷರು ಗುಡ್ಡದ ಕಡೆ ತಿರುಗಿ ಕೈಮುಗಿದರು. ಗುಡ್ಡದ ಮೇಲಿನ ಊರಿಂದ ಸೊಸೈಟಿಗೆ ನೂಲು ತೆಗೆಯಲು ನಡೆದೇ ಬರುತ್ತಿದ್ದ ಹೆಂಗಸರು ಮಾರನೆಯ ದಿನದಿಂದ ಕಾರಲ್ಲಿ ಬಂದಿಳಿದರು.

ಡಿಸ್ಕ್ ಫಳಫಳ ಹೊಳೆಯಿತು. ಅಧ್ಯಕ್ಷರು ತಾಯಿಗೆ ಕಾಯಿ ಒಡೆಸಿದರು. "ದೃಷ್ಟಿ ಕಳೀತು. ಇನ್ನು ಕಾರು ಇಲ್ಲೇ ನಿಂತಿರಲಿ" ಎಂದರು.

"ಆಗಲಿ ಬುದ್ಧಿ" ಅಂದ ಡ್ರೈವರ್, ಅವತ್ತು ಕಾರನ್ನು ಚೆನ್ನಾಗಿ ತೊಳೆದ. ಚಕ್ರಗಳಿಗೆ ಇನ್ನೊಂದೆರಡು ಬಿಂದಿಗೆ ಜಾಸ್ತಿಯೇ ಸುರಿದ.

ಬೆಳಗಾಗುವಷ್ಟರಲ್ಲಿ ಡಿಸ್ಕ್ ಮತ್ತೆ ಕೆಂಪು. ಅಧ್ಯಕ್ಷರು ಮತ್ತೆ ಗುಡ್ಡದ ಕಡೆ ಕೈಮುಗಿದರು.

"ತಾಯಿ ಮುನಿದಿದಾಳೆ ಕಣಪ್ಪಾ! ಓಡು, ಆ ಹೆಣ್ಮಕ್ಕಳನ್ನ ಕರ್ಕೊಂಡು ಬಾ. ಒಬ್ಬಳೂ ನಡೆದು ಬರಕೂಡದು!"

"ನಿಮಗೆ ಪೇಟೆಗೆ ಹೋಗೋದಿತ್ತಲ್ಲ ಬುದ್ಧಿ?"

"ನಾನು ಬಸ್ಸಲ್ಲಿ ಹೋಗ್ತೀನಿ!"