ಖಾಲಿ ಜಾಗಕ್ಕೆ ಸೊನ್ನೆ

ಗುಡ್ಡದ ಬುಡದಲ್ಲೊಂದು ಆಶ್ರಮ. ಅಲ್ಲಿನ ಗುರು ನಿರ್ವಾಣಪ್ಪನವರಿಗೆ ನೆಲದಡಿಯ ನೀರು ಹುಡುಕುವ ಕೆಲಸ. ಯಂತ್ರ ಹೊತ್ತು ಊರೂರಿಗೆ ಹೋಗಿ, ಅದನ್ನು ನೆಲಕ್ಕೆ ತಾಗಿಸಿ ಅಂಕಿ ಬರೆದುಕೊಳ್ಳುವುದು. ಆ ಅಂಕಿಗಳನ್ನು ಕಂಪ್ಯೂಟರಿಗೆ ಕೊಟ್ಟು ಚಿತ್ರ ಮಾಡುವುದು. ನೀರಿದ್ದಲ್ಲಿ ನೀಲಿ; ಅಂಕಿ ಸೊನ್ನೆ ಬಂದರೆ ನೀರಿಲ್ಲ, ಅಲ್ಲಿ ಕಂದು.

ಶಿಷ್ಯ ಹಾಲೇಶ ಜಾಣ. ಜಾಣರಿಗಿರುವ ಅವಸರವೂ ಅವನಿಗೆ ಸಾಕಷ್ಟಿತ್ತು.

ಒಂದು ಬೆಳಿಗ್ಗೆ ಅವನು ಗುರುಗಳಿಗೆ ಹೊಸ ಚಿತ್ರ ತೋರಿಸಿದ.

"ನಿನ್ನೆ ಇದರ ತುಂಬ ತೂತುಗಳಿದ್ದವಲ್ಲ?" ಎಂದರು ಗುರುಗಳು.

"ಅಳತೆ ಇಲ್ಲದ ಕಡೆಯೆಲ್ಲ ತೂತು ಕಾಣುತ್ತಿತ್ತು, ಗುರುಗಳೇ. ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದೆ. ಅಂಕಿ ಎಲ್ಲಿ ಖಾಲಿಯೋ ಅಲ್ಲಿ ಸೊನ್ನೆ ಹಾಕು ಅಂತ ಕಂಪ್ಯೂಟರಿಗೆ ಹೇಳಿದೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಗಿಸಿಬಿಟ್ಟಿತು."

ಗುರುಗಳು ಚಿತ್ರದ ಹತ್ತಿರ ಬಾಗಿ ನೋಡತೊಡಗಿದರು.

ಅಷ್ಟರಲ್ಲಿ ಮೇಲಿನ ಹಟ್ಟಿಯ ಕೆಂಚಮ್ಮ ಬಂದಳು. ಹಟ್ಟಿಯಲ್ಲಿ ಇಪ್ಪತ್ತು ಮನೆ. ದೂರದಿಂದ ನೀರು ಹೊತ್ತು ಹೊತ್ತು ಎಲ್ಲರೂ ಸೋತಿದ್ದರು. ಅಲ್ಲೇ ಇರುವುದೋ ಬಿಟ್ಟುಹೋಗುವುದೋ ಎಂದು ಅಂದು ಸಂಜೆ ತೀರ್ಮಾನ ಆಗಬೇಕಿತ್ತು. ಹಟ್ಟಿಯಲ್ಲಿ ನೀರು ಸಿಗುತ್ತದೆಯೋ ಕೇಳಿಕೊಂಡು ಬಾ ಎಂದು ಅವಳನ್ನು ಕಳಿಸಿದ್ದರು.

"ಇದ್ರಾಗೆ ನಮ್ಮ ಹಟ್ಟಿ ಎಲ್ಲೈತಪ್ಪ?"

ಹಾಲೇಶ ಬೆರಳಿಟ್ಟು ತೋರಿಸಿದ. ಅಲ್ಲೆಲ್ಲ ಕಂದು.

"ಈ ಬಣ್ಣ ಅಂದ್ರೆ ಏನು?"

"ನೀರು ಇಲ್ಲ ಅಂತ, ಅಮ್ಮ."

ಆ ಸೊನ್ನೆಗಳನ್ನು ತುಂಬಿದ್ದು ತಾನೇ ಎಂಬುದು ಆ ಹೊತ್ತಿಗೆ ಅವನಿಗೂ ಮರೆತಿತ್ತು. ಚಿತ್ರ ಅಷ್ಟು ಚೆನ್ನಾಗಿತ್ತು.

ಕೆಂಚಮ್ಮ ಅಲ್ಲೇ ಕುಸಿದು ಕೂತಳು. "ನಮ್ಮತ್ತೆ ಮಾವನ್ನ ಮಣ್ಣು ಮಾಡಿದ ಜಾಗ ಅದು," ಎಂದಳು.

ಗುರುಗಳು ಶಿಷ್ಯನ ಕಡೆ ತಿರುಗಿದರು. "ಹಾಲೇಶ, ನಿನ್ನ ಮುತ್ತಜ್ಜನ ಅಜ್ಜನ ಹೆಸರೇನು?"

"ಗೊತ್ತಿಲ್ಲ, ಗುರುಗಳೇ."

ಗುರುಗಳು ಒಂದು ಹಾಳೆ, ಪೆನ್ನು ಅವನ ಮುಂದಿಟ್ಟರು. "ಹಾಗಾದರೆ ನಿನ್ನ ಮುತ್ತಜ್ಜನಿಗೆ ಅಜ್ಜನೇ ಇರಲಿಲ್ಲ ಅಂತ ಬರೆದು ಸಹಿ ಹಾಕು."

ಹಾಲೇಶ ನಕ್ಕ. "ಇರದೆ ಹೇಗೆ? ನನಗೆ ಗೊತ್ತಿಲ್ಲ, ಅಷ್ಟೇ."

ಹೇಳಿ ಮುಗಿಸುವಷ್ಟರಲ್ಲಿ ಅವನ ನಗು ನಿಂತುಹೋಯಿತು.

"ಮೇಲಿನ ಹಟ್ಟಿಗೆ ಯಂತ್ರ ತಗೊಂಡು ಹೋಗಿದ್ದೆಯಾ?"

"ಇಲ್ಲ. ದಾರಿ ತುಂಬ ಜಾಲಿ ಮುಳ್ಳಿತ್ತು. ಅರ್ಧಕ್ಕೇ ವಾಪಸು ಬಂದೆ."

ಅವನು ತಲೆ ತಗ್ಗಿಸಿ ಕಂಪ್ಯೂಟರಿನ ಮುಂದೆ ಕೂತ. ಬರೆದಿದ್ದ ನಾಲ್ಕು ಸಾಲನ್ನೂ ಅಳಿಸಿದ. ಪುಣ್ಯಕ್ಕೆ ಮೂಲದ ಅಂಕಿಗಳು ಹಾಗೆಯೇ ಇದ್ದವು. ಚಿತ್ರದಲ್ಲಿ ತೂತುಗಳು ಮತ್ತೆ ಕಂಡವು. ಮೇಲಿನ ಹಟ್ಟಿ ಅಂಥದ್ದೊಂದು ತೂತಿನ ನಡುವೆ ಇತ್ತು.

"ಈಗೇನಂತೈತೆ ಇದು?" ಕೆಂಚಮ್ಮ ಕೇಳಿದಳು.

"ಗೊತ್ತಿಲ್ಲ ಅಂತಿದೆ, ಅಮ್ಮ. ತಪ್ಪು ನನ್ನದು. ನಾನು ನಿಮ್ಮ ಹಟ್ಟಿಗೆ ಬಂದೇ ಇಲ್ಲ."

"ಗೊತ್ತಿಲ್ಲ ಅಂದ್ರೆ, ನೀರು ಇದ್ರೂ ಇರಬೌದಾ?"

"ಇರಬಹುದು."

ಕೆಂಚಮ್ಮ ಎದ್ದು ನಿಂತು ಸೆರಗು ಸಿಕ್ಕಿಸಿಕೊಂಡಳು. 'ಗೊತ್ತಿಲ್ಲ' ಎಂಬ ಮಾತು ಯಾರಿಗಾದರೂ ಅಷ್ಟು ಸಂತೋಷ ಕೊಟ್ಟಿದ್ದನ್ನು ಹಾಲೇಶ ಅದುವರೆಗೆ ನೋಡಿರಲಿಲ್ಲ.

"ಮುಳ್ಳಿಲ್ಲದ ದಾರಿ ಒಂದೈತೆ, ನಾ ತೋರಿಸ್ತೀನಿ ಬಾರಪ್ಪ. ಸಂಜಿಗೆ ಸೇರೋರಿಗೆ ನಾಲ್ಕು ದಿನ ತಡೀರಿ ಅಂತೀನಿ."

ಹಾಲೇಶ ಯಂತ್ರವನ್ನು ಹೆಗಲಿಗೇರಿಸಿದ. ಬಾಗಿಲ ಹತ್ತಿರ ಹೋದವನು ತಿರುಗಿ ನಿಂತ.

"ಗುರುಗಳೇ, ಅಲ್ಲಿಯವರೆಗೂ ಹೋಗಿ ಅಳೆದ ಮೇಲೂ ಸೊನ್ನೆಯೇ ಬಂದರೆ?"

"ಬರಲಿ. ಅದು ನೀನು ನಡೆದು ತಂದ ಸೊನ್ನೆ. ಇಲ್ಲಿ ಇಲ್ಲ, ಬೇರೆ ಕಡೆ ಹುಡುಕು ಅಂತ ಅದು ಹೇಳಿದರೆ ನಂಬಬಹುದು."